ಅಮ್ಮನೇ ದೊಡ್ಡವಳಾಗದಿದ್ದರೆ

ಮ್ಯಾಂಚೆಸ್ಟರಿನಲ್ಲಿ ಟೆರೆನ್ಸ್ ರಾಟಿಗನ್ ಅವರ ನಾಟಕವೊಂದನ್ನು ನೋಡಿ, ಇದಕ್ಕಿಂತ ಚೆನ್ನಾಗಿ ನಾನೇ ಬರೆಯಬಲ್ಲೆ ಎಂದುಕೊಂಡ ಹುಡುಗಿ ಶೀಲಾ ಡೆಲಾನಿ. ಆಕೆಯ ‘ಎ ಟೇಸ್ಟ್ ಆಫ್ ಹನಿ’ಯನ್ನು ಜೋನ್ ಲಿಟಲ್‌ವುಡ್ 1958ರಲ್ಲಿ ಲಂಡನ್ನಿನ ಸ್ಟ್ರಾಟ್‌ಫರ್ಡಿನಲ್ಲಿ ರಂಗಕ್ಕೆ ತಂದಾಗ ಡೆಲಾನಿಗೆ ಹತ್ತೊಂಬತ್ತು. ಚಿಕ್ಕ ಹುಡುಗಿ ಬರೆದದ್ದು ಎಂಬ ರಿಯಾಯಿತಿ ಈ ನಾಟಕಕ್ಕೆ ಬೇಕಿಲ್ಲ.

ಸ್ಯಾಲ್ಫರ್ಡಿನ ಒಂದು ಹಾಳುಬಿದ್ದ ಬಾಡಿಗೆ ಮನೆ. ತಾಯಿ ಹೆಲೆನ್, ಶಾಲೆ ಬಿಡಲು ಕಾದಿರುವ ಮಗಳು ಜೋ. ಬೇರೆಯವನಿಗೆ ಹುಟ್ಟಿದ ಮಗುವೆಂದು ಗಂಡ ಹೆಲೆನ್‌ಳನ್ನು ಬಿಟ್ಟಿದ್ದಾನೆ; ಆ ಮಗುವೇ ಜೋ. ಹೆಲೆನ್ ಹೊಸ ಗೆಳೆಯನ ಹಿಂದೆ ಹೊರಡುತ್ತಾಳೆ. ಜೋ ಒಬ್ಬ ಕಪ್ಪು ನಾವಿಕನ ಜೊತೆ ಕ್ರಿಸ್ಮಸ್ ಕಳೆಯುತ್ತಾಳೆ. ಅವನು ಹಡಗು ಹತ್ತುತ್ತಾನೆ, ಇವಳು ಬಸಿರಾಗುತ್ತಾಳೆ.

ಮೋಸಹೋದ ಹುಡುಗಿಯ ಕಣ್ಣೀರ ಕತೆಗೆ ಇಷ್ಟು ಸಾಕಿತ್ತು. ಡೆಲಾನಿ ಆ ದಾರಿ ಹಿಡಿಯುವುದಿಲ್ಲ. ಮಾನ ಹೋಯಿತೆಂಬ ಅಳಲು ಜೋಗಿಲ್ಲ. ಅವಳನ್ನು ಕಾಡುವುದು ಮನೆಯೊಳಗಿನ ಭಯ: ತಾನೂ ಹೆಲೆನ್ ಆಗಿಬಿಟ್ಟರೆ? ದೊಡ್ಡವರಾಗುವುದು ಹೇಗೆಂದು ನೋಡಿ ಕಲಿಯಲು ಅವಳಿಗಿದ್ದದ್ದು, ನಲವತ್ತಾದರೂ ತಾನೇ ದೊಡ್ಡವಳಾಗದ ಈ ತಾಯಿ ಮಾತ್ರ. ಅಪ್ಪ ಅರೆಬುದ್ಧಿಯವನೆಂದು ತಾಯಿ ಆಡಿದ ಮಾತೂ ತಲೆಯಲ್ಲಿ ಕೊರೆಯುತ್ತಿರುತ್ತದೆ.

ಜೋ ಬಸುರಿಯಾದಾಗ ಮನೆಗೆಲಸ, ಅಡುಗೆ ಎಲ್ಲ ಗೆಳೆಯ ಜೆಫ್‌ನದು. ಅವನು ಸಲಿಂಗಕಾಮಿ (ಇಂಗ್ಲೆಂಡಿನಲ್ಲಿ ಅದು 1967ರವರೆಗೂ ಅಪರಾಧ). ಮಗು ಎತ್ತಿಕೊಳ್ಳುವುದು ರೂಢಿಯಾಗಲೆಂದು ಅವನೊಂದು ಗೊಂಬೆ ತರುತ್ತಾನೆ. ಇದರ ಬಣ್ಣವೇ ಸರಿಯಿಲ್ಲ ಎನ್ನುತ್ತಾಳೆ ಜೋ. ನಗಬೇಕೆನ್ನುವಷ್ಟರಲ್ಲಿ ಗೊಂಬೆಯನ್ನು ಎಸೆದು, ತನಗೆ ತಾಯಿಯಾಗುವುದೂ ಬೇಡ, ಹೆಣ್ಣಾಗಿರುವುದೂ ಬೇಡ ಎಂದು ಕೂಗಾಡುತ್ತಾಳೆ. ತಾಯ್ತನ ತಾನಾಗಿಯೇ ಬರುತ್ತದೆ ಎಂಬ ನಂಬಿಕೆಗೆ ಇಡೀ ನಾಟಕದಲ್ಲಿ ಬಿದ್ದ ಬಲವಾದ ಪೆಟ್ಟು ಇದೇ.

ನಾವಿಕನ ಪಾತ್ರ ಮಾತ್ರ ಸೊರಗಿದೆ. ಅವನು ಆಫ್ರಿಕದ ರಾಜಕುಮಾರನೆಂದು ಜೋ ಜೆಫ್‌ಗೆ ಬುರುಡೆ ಬಿಡುತ್ತಾಳೆ. ನಿಜದಲ್ಲಿ ಅವನ ಊರು ಬ್ರಿಟನ್ನಿನದೇ ಆದ ಕಾರ್ಡಿಫ್. ಹುಡುಗಿಯ ಕಲ್ಪನೆಯನ್ನು ಗೇಲಿ ಮಾಡುವ ನಾಟಕ, ತಾನಾದರೂ ಅವನಿಗೆ ಹೆಚ್ಚಿನ ಬದುಕು ಕೊಟ್ಟಿತೇ ಎಂದರೆ, ಇಲ್ಲ. ಮರಳಿ ಬಂದ ಹೆಲೆನ್ ಜೆಫ್‌ನನ್ನು ಮನೆಯಿಂದ ಸಾಗಹಾಕುವುದರಲ್ಲೂ ಅವಸರವಿದೆ.

ಟೋನಿ ರಿಚರ್ಡ್‌ಸನ್ 1961ರಲ್ಲಿ ಮಾಡಿದ ಸಿನಿಮಾ ಕಾಲುವೆ, ಹೊಗೆ, ಬೀದಿಮಕ್ಕಳನ್ನೆಲ್ಲ ಒಳಗೆ ತಂದಿತು. ಜೋ ಆಗಿ ರೀಟಾ ಟಶಿಂಗಮ್‌ಗೆ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿಯೂ ಬಂತು. ಆದರೆ ಕೊನೆಗೆ ಅದು ಜೋ ಕೈಗೊಂದು ಸುರುಸುರುಬತ್ತಿ ಕೊಟ್ಟು ನಮ್ಮನ್ನು ಸಮಾಧಾನಪಡಿಸುತ್ತದೆ. ನಾಟಕದ ಹೆಲೆನ್, ಹುಟ್ಟಲಿರುವ ಮಗು ಕಪ್ಪಗಿರಬಹುದೆಂದು ಕೇಳಿದ್ದೇ ತಡ, ಕುಡಿಯಲು ಹೊರಟುಬಿಡುತ್ತಾಳೆ. ವಾಪಸು ಬರುತ್ತಾಳೋ ಇಲ್ಲವೋ, ಡೆಲಾನಿ ಹೇಳುವುದಿಲ್ಲ. ಸಿನಿಮಾಗಿಂತ ನಾಟಕವೇ ಮೇಲೆಂದು ನಾನು ಹೇಳುವುದು ಈ ಕಾರಣಕ್ಕೆ.