ಗುಲ್‌ಮೊಹರಿನ ಐದನೆಯ ಎಸಳು

ಮೇ ತಿಂಗಳಲ್ಲಿ ಬಸವನಗುಡಿಯ ಫುಟ್‌ಪಾತಿನ ಮೇಲೆ ಬಿದ್ದ ಗುಲ್‌ಮೊಹರ್ ಹೂವೊಂದನ್ನು ಕೈಗೆತ್ತಿಕೊಳ್ಳಿ. ನಾಲ್ಕು ಎಸಳು ಅಪ್ಪಟ ಕೆಂಪು. ಐದನೆಯದು ಬೇರೆ: ಬಿಳಿ ಹಳದಿ ಬೆರೆತ ಮೈ, ಅದರ ಮೇಲೆ ಕೆಂಪು ಗೀರು. ತಲೆಯೆತ್ತಿ ಮರ ನೋಡಿದರೆ ಈ ಎಸಳು ಪ್ರತ್ಯೇಕವಾಗಿ ಕಾಣುವುದಿಲ್ಲ. ಆದರೂ ಆ ಕೆಂಪು ಹಾಗೆ ಮಿನುಗುವುದರಲ್ಲಿ ಅದರ ಪಾಲಿದೆ. ಚಿತ್ರಕಾರ ರುಮಾಲೆ ಚನ್ನಬಸವಯ್ಯನವರ ಹೂಮರದ ಚಿತ್ರಗಳ ಮುಂದೆ ನಿಂತಾಗಲೆಲ್ಲ ನನಗೆ ಈ ಎಸಳು ನೆನಪಾಗುತ್ತದೆ. ಅಲ್ಲಿ ಬಣ್ಣವನ್ನು ಬಳಿದಿಲ್ಲ, ಚುಕ್ಕಿ ಚುಕ್ಕಿಯಾಗಿ ಪಕ್ಕಪಕ್ಕದಲ್ಲಿ ಇಟ್ಟಿದ್ದಾರೆ. ಬೆರೆಸುವ ಕೆಲಸ ನಮ್ಮ ಕಣ್ಣಿನದು.

ಬೆಂಗಳೂರಿನ ನಿಸರ್ಗಚಿತ್ರ ಪರಂಪರೆಗೆ ಇಬ್ಬರು ಹಿರಿಯರು. ಕೆ. ವೆಂಕಟಪ್ಪ (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದವರು, ವೀಣೆ ನುಡಿಸುತ್ತಿದ್ದವರು, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದವರು. ಅವರ ಊಟಿ, ಕೊಡೈಕೆನಾಲಿನ ಜಲವರ್ಣಗಳಲ್ಲಿ ಮಂಜು, ಮೋಡ, ಕೆರೆ ಎಲ್ಲವೂ ಉಸಿರು ಹಿಡಿದು ಕೂತಂತಿವೆ. ರುಮಾಲೆಯವರದು (1910–1988) ಬಯಲಿನ ದಾರಿ. ಸ್ವಾತಂತ್ರ್ಯ ಹೋರಾಟ, ‘ತಾಯಿನಾಡು’ ಪತ್ರಿಕೆಯ ಸಂಪಾದಕತ್ವ, ರಾಜಕಾರಣ ಎಲ್ಲ ಮುಗಿಸಿ ಮತ್ತೆ ಕುಂಚ ಹಿಡಿದ ಅವರು ಮರದೆದುರು ಬಿಸಿಲಿನಲ್ಲಿ ನಿಂತೇ ಬರೆದರು. ವೆಂಕಟಪ್ಪನವರ ಸಂಯಮ ನನಗೆ ಗೌರವ ಹುಟ್ಟಿಸುತ್ತದೆ. ಪ್ರೀತಿ ಹುಟ್ಟಿಸುವವರು ರುಮಾಲೆ.

ರುಮಾಲೆ ಬರೆದ ಈ ಮರಗಳು ಕಾಡಿನವಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕೃಂಬಿಗಲ್, ಒಂದರ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಊರಿಗೆ ಸಾಲುಮರಗಳನ್ನು ಯೋಜಿಸಿದವರು. ಗುಲ್‌ಮೊಹರ್ ಮಡಗಾಸ್ಕರಿನದು, ಜಕರಾಂಡ ದಕ್ಷಿಣ ಅಮೆರಿಕದ್ದು. ನೆಟ್ಟು ಬೆಳೆಸಿದ್ದು ಎಂಥ ನಿಸರ್ಗ ಎಂದು ಮೂಗು ಮುರಿಯುವವರ ಮಾತನ್ನು ನಾನು ಒಪ್ಪಲಾರೆ. ಕಾಂಪೌಂಡು, ಲೈಟುಕಂಬ, ಮರ ಮೂರೂ ಒಟ್ಟಿಗೆ ಬಾಳುವ ಬೀದಿಯೇ ನಮ್ಮ ಪಾಲಿನ ಪ್ರಕೃತಿ. ಮಲ್ಲೇಶ್ವರದಲ್ಲಂತೂ ರಸ್ತೆಗೇ ಸಂಪಿಗೆಯ ಹೆಸರಿಟ್ಟಿದ್ದೇವೆ.

ನನ್ನ ತಕರಾರಿರುವುದು ರುಮಾಲೆಯವರ ನಂತರದ ಚಿತ್ರಕಾರರ ಬಗ್ಗೆ. ಕಲಾವಿದರು ಬೀದಿಯಲ್ಲೇ ಚಿತ್ರ ಮಾರುವ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ನಡೆದರೆ ಒಂದೇ ಹೂಮರ, ಅದೇ ಒದ್ದೆ ರಸ್ತೆ, ಅದೇ ಹೆಂಚಿನ ಮನೆ ಮತ್ತೆ ಮತ್ತೆ ಎದುರಾಗುತ್ತವೆ. ಕೈಚಳಕಕ್ಕೆ ಕೊರತೆಯಿಲ್ಲ. ಆದರೆ ಹಲವು ಚಿತ್ರಗಳ ನೆರಳು ಬರೀ ಕಪ್ಪು, ಮೊಬೈಲ್ ಫೋಟೊದ ಕಪ್ಪು. ಬೆಳಗ್ಗೆ ಹತ್ತರ ಬಿಸಿಲಿನಲ್ಲಿ ಬೋರ್ಡು ಹಿಡಿದು ಕೂತವರಿಗೆ ಗೊತ್ತು: ಡಾಂಬರಿನ ಮೇಲಿನ ನೆರಳಲ್ಲಿ ನೀಲಿಯಿದೆ, ನೇರಳೆಯಿದೆ, ಎಲೆಯ ಹಸಿರೂ ಸ್ವಲ್ಪ ಸೋರಿರುತ್ತದೆ. ತೆಳುಬಣ್ಣದ ವಾಶ್ ಒಣಗುವಷ್ಟರಲ್ಲಿ ಆ ನೆರಳು ಜಾರಿರುತ್ತದೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಆ ಕ್ಷಣದಲ್ಲೇ ತೀರ್ಮಾನಿಸಬೇಕು. ಚಿತ್ರ ಹುಟ್ಟುವುದು ಆ ತೀರ್ಮಾನದಲ್ಲಿ. ಫೋಟೊ ನೋಡಿ ಬರೆಯುವವರಿಗೆ ಆ ಕಷ್ಟವೂ ಇಲ್ಲ, ಆ ಸುಖವೂ ಇಲ್ಲ.

ಇನ್ನೊಂದು ಕೊರತೆ ಇದಕ್ಕಿಂತ ಹಳೆಯದು. ನಮ್ಮ ಪರಂಪರೆ ಕಣ್ಣು ಕೋರೈಸುವ ಹೂವಿಗೆ ಸೋತಿದೆ. ರಸ್ತೆ ಅಗಲೀಕರಣಕ್ಕೆ ಉರುಳಿದ ಮರದ ಬೊಡ್ಡೆಯನ್ನು ಬರೆದವರು ಎಷ್ಟು ಮಂದಿ? ಹೊಂಗೆಯನ್ನು? ಬೇಸಿಗೆಯಲ್ಲಿ ಹೊಂಗೆಮರದಡಿ ಮಾಸಲು ಬಿಳಿಯ, ತುಸು ನೇರಳೆ ಛಾಯೆಯ ಹೂಗಳು ಕಡ್ಲೆಪುರಿ ಚೆಲ್ಲಿದ ಹಾಗೆ ಹರಡಿರುತ್ತವೆ. ಬೆಳಗಿನ ಜಾವ ಪೌರಕಾರ್ಮಿಕ ಹೆಂಗಸು ಉದ್ದ ಪೊರಕೆಯಿಂದ ಅವನ್ನು ಒಂದು ಬದಿಗೆ ಗುಡಿಸುತ್ತಾಳೆ. ಗುಡಿಸಿದ ಜಾಗ ಡಾಂಬರಿನ ಕಪ್ಪು, ಗುಡಿಸದ್ದು ಬಿಳಿ. ಅವಳು ತಿರುಗಿ ನೋಡುವಷ್ಟರಲ್ಲಿ ಆ ಕಪ್ಪಿನ ಮೇಲೂ ನಾಲ್ಕು ಹೂ ಬಿದ್ದಿರುತ್ತವೆ.