ಹೆಸರಿನ ಗುತ್ತಿಗೆ: ಫ್ರಾಂಚೈಸಿ ಪದ್ಧತಿಯ ಗುಣದೋಷ ವಿಚಾರ

ಸ್ವಂತ ಉದ್ಯೋಗವನ್ನು ಕೈಕೊಳ್ಳಬಯಸುವ ತರುಣನಿಗೆ ಇಂದು ಎರಡು ದಾರಿಗಳುಂಟು. ತನ್ನ ಹೆಸರಿನಲ್ಲಿಯೇ ಅಂಗಡಿಯನ್ನು ತೆರೆಯುವುದು ಒಂದು. ಆಗಲೇ ಪ್ರಸಿದ್ಧವಾದ ಮತ್ತೊಬ್ಬರ ಹೆಸರನ್ನೂ ವ್ಯವಹಾರ ಕ್ರಮವನ್ನೂ ಹಣ ಕೊಟ್ಟು ಪಡೆದು, ಅವರ ನಿಯಮಗಳಿಗೆ ಒಳಗಾಗಿ ನಡೆಸುವುದು ಇನ್ನೊಂದು. ಈ ಎರಡನೆಯದಕ್ಕೆ ಫ್ರಾಂಚೈಸಿ ಪದ್ಧತಿಯೆಂದು ಹೆಸರು. ಇದನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಮಹಾನಗರವನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆದಿವೆ. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯಂಥ ಊರಿನ ತರುಣನ ದೃಷ್ಟಿಯಿಂದ ಅದರ ಗುಣದೋಷಗಳನ್ನು ತೂಗಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಗುಣಪಕ್ಷವನ್ನು ನೋಡೋಣ. 1955ರಲ್ಲಿ ರೇ ಕ್ರಾಕ್ ಎಂಬಾತನು ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ತನ್ನ ಮೊದಲ ಮೆಕ್‌ಡೊನಾಲ್ಡ್ಸ್ ಉಪಾಹಾರ ಗೃಹವನ್ನು ತೆರೆದನು. ಹೆಸರೂ ಅವನದಲ್ಲ, ಅಡಿಗೆಯ ಕ್ರಮವೂ ಅವನದಲ್ಲ. ಎರಡೂ ಕ್ಯಾಲಿಫೋರ್ನಿಯದ ಮೆಕ್‌ಡೊನಾಲ್ಡ್ ಸಹೋದರರವು. ಅವರು ತಮ್ಮ ಅಡಿಗೆಮನೆಯ ಕೆಲಸವನ್ನು ಬಿಡಿಬಿಡಿಯಾಗಿ ವಿಂಗಡಿಸಿ, ಯಾರು ಬೇಕಾದರೂ ಕಲಿಯಬಹುದಾದ ವಿಧಾನವನ್ನಾಗಿ ಮಾಡಿದ್ದರು. ಫ್ರಾಂಚೈಸಿಯ ನಿಜವಾದ ಬೆಲೆಯಿರುವುದು ಇಲ್ಲಿ. ಹೊಸಬನು ಮಾಡುವ ತಪ್ಪುಗಳನ್ನು ಬೇರೊಬ್ಬರು ಆಗಲೇ ಮಾಡಿ ತಿದ್ದಿಕೊಂಡಿರುತ್ತಾರೆ. ಸರಕಿನ ಪೂರೈಕೆ, ಲೆಕ್ಕ ಬರೆಯುವ ರೀತಿ, ಕೆಲಸಗಾರರ ಶಿಕ್ಷಣ ಇವೆಲ್ಲ ಸಿದ್ಧವಾಗಿ ದೊರೆಯುತ್ತವೆ. ವ್ಯಾಪಾರದ ಮನೆತನದಲ್ಲಿ ಹುಟ್ಟದವನಿಗೆ ಇದು ಸಣ್ಣ ಉಪಕಾರವಲ್ಲ.

ಆದರೆ ಈ ಉಪಕಾರವು ಬಿಟ್ಟಿಯಾಗಿ ಬರುವುದಿಲ್ಲ. ಆರಂಭದ ಶುಲ್ಕವಲ್ಲದೆ, ಸಾಮಾನ್ಯವಾಗಿ ಮಾರಾಟದ ಮೇಲೆ ಶೇಕಡಾವಾರು ರಾಯಧನವನ್ನು ಕೊಡುತ್ತಿರಬೇಕಾಗುತ್ತದೆ. ರಾಯಧನವು ಮಾರಾಟದ ಮೇಲೆಯೇ ಹೊರತು ಲಾಭದ ಮೇಲಲ್ಲವೆಂಬುದನ್ನು ಗಮನಿಸಬೇಕು. ಒಂದು ಕಾಲ್ಪನಿಕ ಲೆಕ್ಕವನ್ನು ತೆಗೆದುಕೊಳ್ಳೋಣ. ತಿಂಗಳಿಗೆ 1,00,000 ರೂಪಾಯಿ ಮಾರಾಟವಾಗುವ ಸ್ವಂತ ಅಂಗಡಿಯಲ್ಲಿ ಸರಕಿನ ಬೆಲೆ ಕಳೆದು 30,000 ರೂಪಾಯಿ ಉಳಿಯುವುದೆನ್ನೋಣ. ಬಾಡಿಗೆ, ಸಂಬಳ, ವಿದ್ಯುತ್ತು ಎಲ್ಲವೂ ಇದರಿಂದಲೇ ಸಲ್ಲಬೇಕು. ಶೇಕಡಾ 6ರ ರಾಯಧನವಿದ್ದರೆ ಉಳಿತಾಯ 24,000ಕ್ಕೆ ಇಳಿಯುತ್ತದೆ. ನೋಡಲು ಸಣ್ಣದಾದ ಆರು ಭಾಗವು ಉಳಿತಾಯದ ಐದನೆಯ ಒಂದು ಪಾಲನ್ನೇ ಕೊಂಡೊಯ್ಯುತ್ತದೆ. ಮತ್ತೆ 30,000 ಕೈಸೇರಬೇಕಾದರೆ ಮಾರಾಟವು 1,25,000ಕ್ಕೆ ಏರಬೇಕು. ಎಂದರೆ, ಎರವಲು ಹೆಸರು ಗಿರಾಕಿಯನ್ನು ಕಾಲುಪಾಲು ಹೆಚ್ಚಿಸಿದರೆ ಮಾತ್ರ ಕೊಟ್ಟ ಹಣಕ್ಕೂ ಬಂದ ಹಣಕ್ಕೂ ಸರಿಹೋಗುತ್ತದೆ. ಲಾಭದ ಮಾತು ಆಮೇಲಿನದು.

ಹುಬ್ಬಳ್ಳಿಯ ರೈಲ್ವೆ ನಿಲ್ದಾಣದ ಬಳಿ ಇದು ಸಾಧ್ಯ. ಅಲ್ಲಿ ಇಳಿಯುವ ಅಪರಿಚಿತನಿಗೆ ಅಂಗಡಿಕಾರನು ಯಾರೆಂಬುದು ತಿಳಿಯದು. ಅವನು ಫಲಕವನ್ನು ನಂಬುತ್ತಾನೆ. ಊರಿನಲ್ಲಿ ಹಾಗಲ್ಲ. ಅಂಗಡಿಕಾರನ ತಂದೆ ಯಾರು, ತಕ್ಕಡಿ ಹೇಗೆ, ಉದ್ರಿ ಕೊಡುವನೋ ಇಲ್ಲವೋ ಎಂಬುದೆಲ್ಲ ಗಿರಾಕಿಗೆ ಗೊತ್ತಿರುತ್ತದೆ. ಹೆಸರು ಅಪರಿಚಿತರ ನಡುವೆ ಮಾಡುವ ಕೆಲಸವನ್ನು ಪರಿಚಯವು ಇಲ್ಲಿ ಆಗಲೇ ಮಾಡಿರುತ್ತದೆ. ಮೇಲಾಗಿ ಸುಗ್ಗಿಯನ್ನು ನಂಬಿದ ಊರಿನಲ್ಲಿ ಕೊಳ್ಳುವ ಶಕ್ತಿಯು ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಉದ್ರಿಯನ್ನು ಒಪ್ಪದ, ಬೆಲೆಯನ್ನು ದೂರದಿಂದ ಗೊತ್ತುಮಾಡುವ ಕರಾರು ಇಂಥ ಊರಿಗೆ ಹೊಂದುವುದು ಕಷ್ಟ.

ಕರಾರಿನ ಮಾತು ಬಂದುದರಿಂದ ಕಾನೂನನ್ನೂ ಗಮನಿಸತಕ್ಕದ್ದು. ಅಮೆರಿಕದಲ್ಲಿ 1979ರಿಂದ ಜಾರಿಯಲ್ಲಿರುವ ನಿಯಮದಂತೆ ಫ್ರಾಂಚೈಸಿ ಕೊಡುವವನು ತನ್ನ ಶುಲ್ಕ, ವ್ಯಾಜ್ಯ ಮೊದಲಾದ ವಿವರಗಳನ್ನು ಮುಂಚಿತವಾಗಿ ಬರೆದು ಕೊಡಬೇಕು. ನಮ್ಮ ದೇಶದಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯಿದೆಯಿಲ್ಲ. 1872ರ ಕರಾರು ಕಾಯಿದೆ, 1999ರ ವ್ಯಾಪಾರ ಚಿಹ್ನೆ ಕಾಯಿದೆ ಮುಂತಾದವುಗಳೇ ಆಧಾರ. ಕರಾರು ಕಾಯಿದೆಯ 27ನೆಯ ಕಲಮು ವ್ಯಾಪಾರವನ್ನು ತಡೆಯುವ ಒಪ್ಪಂದಗಳನ್ನು ಅಸಿಂಧುವೆನ್ನುತ್ತದೆ. ಆದರೆ ಗುಜರಾತ್ ಬಾಟ್ಲಿಂಗ್ ಕಂಪನಿಗೂ ಕೋಕಾಕೋಲಾ ಕಂಪನಿಗೂ ನಡೆದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ, ಕರಾರಿನ ಅವಧಿಯೊಳಗೆ ಪ್ರತಿಸ್ಪರ್ಧಿಯ ಸರಕನ್ನು ಮುಟ್ಟಕೂಡದೆಂಬ ಷರತ್ತು ಈ ಕಲಮಿಗೆ ವಿರುದ್ಧವಲ್ಲವೆಂದು ನಿರ್ಣಯಿಸಿತು. ಆದುದರಿಂದ ಸಹಿ ಹಾಕುವವನು ಕಾಯಿದೆಯು ತನ್ನನ್ನು ಕಾಯುವುದೆಂದು ನಂಬದೆ, ಕಾಗದವನ್ನು ತಾನೇ ಓದಿಕೊಳ್ಳಬೇಕು.

ಹೆಸರನ್ನು ಹಂಚಿಕೊಳ್ಳುವ ಬೇರೆ ರೀತಿಗಳು ನಮ್ಮಲ್ಲಿಲ್ಲವೆಂದಲ್ಲ. ‘ಉಡುಪಿ ಹೋಟೆಲು’ ಎಂಬ ಹೆಸರು ಮದರಾಸು, ಮುಂಬಯಿಗಳವರೆಗೆ ಹಬ್ಬಿದ್ದು ಯಾರ ಅಪ್ಪಣೆಯಿಂದಲೂ ಅಲ್ಲ. ಒಬ್ಬರ ಅಡಿಗೆಮನೆಯಲ್ಲಿ ದುಡಿದು ಕಲಿತವರು ಮುಂದೆ ತಮ್ಮದೇ ಹೋಟೆಲನ್ನು ತೆರೆದರು. ರಾಯಧನವಿಲ್ಲದೆ ವಿದ್ಯೆಯೂ ಹೆಸರೂ ಸಾಗಿದವು. ಅದರ ದೋಷವೆಂದರೆ, ಕೆಟ್ಟ ಅಡಿಗೆಯವನೂ ಅದೇ ಫಲಕವನ್ನು ತೂಗುಹಾಕಬಹುದು. ಧಾರವಾಡ ಪೇಡೆಯದು ಮತ್ತೊಂದು ಬಗೆ: ಭೌಗೋಳಿಕ ಸೂಚಕವಾಗಿ ನೋಂದಣಿಯಾದ ಆ ಹೆಸರು ಒಂದು ಸ್ಥಳಕ್ಕೆ ಅಂಟಿಕೊಂಡಿದೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೂ ಇಂಥ ಮಾನ್ಯತೆ ದೊರೆತಿದೆ. ಹೀಗೆ ಒಡೆಯನಿಲ್ಲದ ಹೆಸರು, ಊರಿನ ಹೆಸರು, ಒಡೆಯನುಳ್ಳ ಹೆಸರು ಎಂದು ಮೂರು ಬಗೆಗಳಾದವು. ಗುಣಮಟ್ಟದ ಹತೋಟಿಯು ಮೂರನೆಯದರಲ್ಲಿ ಹೆಚ್ಚು ಬಿಗಿ. ದುಡಿಮೆಯ ಫಲದ ಮೇಲಣ ಹಕ್ಕೂ ಅದರಲ್ಲಿಯೇ ಹೆಚ್ಚು ಕಡಿಮೆಯಾಗುತ್ತದೆ. ಹತ್ತು ವರ್ಷ ದುಡಿದು ಗಳಿಸಿದ ವಿಶ್ವಾಸವು ಕರಾರು ಮುಗಿದ ದಿನ ಫಲಕದೊಡನೆ ಒಡೆಯನಿಗೆ ಮರಳಬಹುದು.

ಇದೇ ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ನರೆದಲಗಕ್ಕೂ ವ್ರೀಹಿಗೂ ವಾದ ಹುಟ್ಟಿದಾಗ ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅದನ್ನು ತಾಳಿಕೊಂಡ ನರೆದಲಗಕ್ಕೆ ರಾಘವನ ಹೆಸರು ದೊರೆಯುತ್ತದೆ. ಅಲ್ಲಿ ಪರೀಕ್ಷೆ ಮೊದಲು, ಹೆಸರು ಆಮೇಲೆ. ಫ್ರಾಂಚೈಸಿಯಲ್ಲಿ ಹೆಸರು ಮೊದಲು ಬರುತ್ತದೆ. ಪರೀಕ್ಷೆಯನ್ನು ಹೆಸರು ಪಡೆದವನು ತನ್ನ ಬಂಡವಾಳದಿಂದ ಎದುರಿಸಬೇಕಾಗುತ್ತದೆ.

ಆದುದರಿಂದ ಈ ಪದ್ಧತಿಯನ್ನು ಸಾರಾಸಗಟಾಗಿ ತಿರಸ್ಕರಿಸುವುದು ಉಚಿತವಲ್ಲ. ವಿಧಾನವನ್ನು ಕಲಿಯಲು ಬಯಸುವವನಿಗೆ, ಅಪರಿಚಿತರು ಓಡಾಡುವ ಹೆದ್ದಾರಿಯ ಬದಿಯಲ್ಲಿ ಸ್ಥಳವುಳ್ಳವನಿಗೆ, ಅದು ಉಪಯುಕ್ತವಾದೀತು. ಆದರೆ ಹೊಲವನ್ನು ಒತ್ತೆಯಿಟ್ಟು ತನ್ನೂರಿನಲ್ಲಿ ಪರರ ಫಲಕವನ್ನು ತೂಗುಹಾಕುವವನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಈ ಹೆಸರು ಮಾರಾಟವನ್ನು ಎಷ್ಟು ಹೆಚ್ಚಿಸೀತು? ಬೆಳೆ ಕೈಕೊಟ್ಟ ಆರು ತಿಂಗಳನ್ನು ಈ ಕರಾರು ತಾಳೀತೇ? ಅವಧಿ ಮುಗಿದ ಮೇಲೆ ನನ್ನಲ್ಲಿ ಏನು ಉಳಿದೀತು? ಮೂರನೆಯದಕ್ಕೆ ‘ಕಲಿತ ಕಸುಬು’ ಎಂದಾದರೂ ಉತ್ತರ ದೊರೆಯದಿದ್ದರೆ, ಚಿಕ್ಕದಾದರೂ ಸ್ವಂತ ಹೆಸರಿನ ಅಂಗಡಿಯೇ ಲೇಸು.