ಬೋರ್ಡಿಲ್ಲದ ಬಾಗಿಲು

ನ್ಯೂಯಾರ್ಕಿನ ಈಸ್ಟ್ ವಿಲೇಜ್‌ನಲ್ಲಿ ಕ್ರಿಫ್ ಡಾಗ್ಸ್ ಎಂಬ ಹಾಟ್‌ಡಾಗ್ ಅಂಗಡಿ. ಅದರೊಳಗೆ ಹಳೆಯ ಕಾಲದ ಒಂದು ಟೆಲಿಫೋನ್ ಬೂತ್. ಒಳಹೊಕ್ಕು ರಿಸೀವರ್ ಎತ್ತಿದರೆ, ಒಪ್ಪಿಗೆ ಸಿಕ್ಕವರಿಗೆ ಗೋಡೆಯೇ ಬಾಗಿಲಾಗಿ ತೆರೆದುಕೊಳ್ಳುತ್ತದೆ. ಆಚೆಗಿರುವುದು ಒಂದು ಬಾರು. 2007ರಲ್ಲಿ ಶುರುವಾದ ಈ ಬಾರಿನ ಹೆಸರು 'ಪ್ಲೀಸ್ ಡೋಂಟ್ ಟೆಲ್', ಅಂದರೆ ದಯವಿಟ್ಟು ಯಾರಿಗೂ ಹೇಳಬೇಡಿ. ಎಲ್ಲರೂ ಎಲ್ಲರಿಗೂ ಹೇಳಿದರು. ಹೇಳಲಿ ಎಂದೇ ಇಟ್ಟ ಹೆಸರು ಅದು.

ಅಲ್ಲಿಂದೀಚೆಗೆ ಜಗತ್ತಿನ ದೊಡ್ಡ ನಗರಗಳಲ್ಲೆಲ್ಲ ಬಾರುಗಳು ಅಡಗಿ ಕೂರತೊಡಗಿದವು. ಫ್ರಿಜ್ಜಿನ ಬಾಗಿಲ ಹಿಂದೆ ಒಂದು, ಪುಸ್ತಕದ ಕಪಾಟಿನ ಹಿಂದೆ ಇನ್ನೊಂದು. ಕೆಲವು ತಾರಸಿಯನ್ನೂ ಹತ್ತಿದವು. ಕೆಳಗೆ ಬೋರ್ಡಿಲ್ಲದ ಬಾಗಿಲು, ಒಂದು ಸಣ್ಣ ಲಿಫ್ಟು, ಮೇಲೆ ಹೋದರೆ ನಗರದ ದೀಪಗಳೆಲ್ಲ ಕಾಲಡಿಯಲ್ಲಿ. ಪುಸ್ತಕದ ಕಪಾಟನ್ನು ಬಾಗಿಲು ಮಾಡಿಕೊಂಡವರ ಮೇಲೆ ಕತೆ ಬರೆಯುವ ನನ್ನದೊಂದು ಪ್ರತ್ಯೇಕ ತಕರಾರಿದೆ. ಅಲ್ಲಿನ ಎಷ್ಟೋ ಪುಸ್ತಕಗಳಿಗೆ ಬೆನ್ನಷ್ಟೇ ಇರುತ್ತದೆ, ಹೊಟ್ಟೆ ಇರುವುದಿಲ್ಲ.

ಕುಡಿಯದವರಿಗೆ ಬಾರಿನ ಗೊಡವೆ ಯಾಕೆ ಎಂದು ಓದುಗರು ಕೇಳಬಹುದು. ಉರ್ದುವಿನಲ್ಲಿ ಮದ್ಯದ ಮೇಲೆ ರಿಯಾಜ್ ಖೈರಾಬಾದಿಯಷ್ಟು ಶೇರ್ ಬರೆದವರು ಕಡಿಮೆ. ಅವರು ಜೀವಮಾನದಲ್ಲಿ ಒಂದು ಹನಿಯನ್ನೂ ಮುಟ್ಟಲಿಲ್ಲವೆಂಬುದು ಪ್ರತೀತಿ. ಆ ಪರಂಪರೆಯ ನೆರಳಿನಲ್ಲಿ ನಾನೂ ಎರಡು ಮಾತು ಆಡಬಹುದು.

ಈ ಅಡಗುವ ಆಟದ ಮೂಲ ಅಮೆರಿಕದ ಪಾನನಿಷೇಧದ ಕಾಲ, 1920ರಿಂದ 1933. ಆಗ ಕದ್ದು ನಡೆಯುತ್ತಿದ್ದ ಬಾರುಗಳಿಗೆ 'ಸ್ಪೀಕೀಸಿ' ಎನ್ನುತ್ತಿದ್ದರು. ಮೆಲ್ಲಗೆ ಮಾತಾಡು, ಪೊಲೀಸರ ಕಿವಿಗೆ ಬಿದ್ದೀತು ಎಂಬುದು ಅದರ ಭಾವ. ನ್ಯೂಯಾರ್ಕಿನ 52ನೆಯ ಬೀದಿಗೆ 1930ರಲ್ಲಿ ಬಂದ '21 ಕ್ಲಬ್' ಇವುಗಳಲ್ಲೆಲ್ಲ ಹೆಸರಾದದ್ದು. ಪೊಲೀಸರು ಬಂದ ಸುಳಿವು ಸಿಕ್ಕರೆ ಸಾಕು, ಕೀಲು ತಿರುಗಿಸಿದೊಡನೆ ಕಪಾಟುಗಳು ವಾಲಿ ಬಾಟಲಿಗಳೆಲ್ಲ ಕೆಳಗಿನ ಗುಂಡಿಗೆ ಬಿದ್ದು ಚೂರಾಗುತ್ತಿದ್ದವು. ದಾಸ್ತಾನು ಇದ್ದದ್ದು ಪಕ್ಕದ 19ನೆಯ ನಂಬರಿನ ಮನೆಯ ನೆಲಮಾಳಿಗೆಯಲ್ಲಿ. ಅದರ ಬಾಗಿಲು ಎರಡು ಟನ್ನಿಗೂ ಹೆಚ್ಚು ತೂಕದ ಇಟ್ಟಿಗೆ ಗೋಡೆ. ಗೋಡೆಯ ಸಂದಿಗೆ ಮಾಂಸ ಚುಚ್ಚುವ ಕಡ್ಡಿಯೊಂದನ್ನು ತೂರಿಸಿದರೆ ತೆರೆಯುತ್ತಿತ್ತು. ನಮ್ಮ ಕಟ್ಟಡದಲ್ಲಿ ಮದ್ಯದ ದಾಸ್ತಾನಿಲ್ಲ ಎಂದು ನೌಕರರು ಸುಳ್ಳಾಡದೆಯೇ ಹೇಳಬಹುದಿತ್ತು! ಆ ನೆಲಮಾಳಿಗೆಯಲ್ಲಿ ಸ್ವತಃ ನಗರದ ಮೇಯರ್ ಜಿಮ್ಮಿ ವಾಕರ್‌ಗೆ ಒಂದು ಖಾಸಗಿ ಮೂಲೆಯಿತ್ತು. ಮೇಯರನೇ ಒಳಗೆ ಕೂತಿರುವಾಗ ಯಾರಿಂದ ಅಡಗುವುದು?

ಇಂದಿನ ಬಾರುಗಳು ನಮಗೆ ತೋರಿಸುವುದು ಈ ಕಡ್ಡಿ, ಈ ಗೋಡೆ, ಈ ತಮಾಷೆಯನ್ನು ಮಾತ್ರ. ಅದೇ ನಗರದ ಇನ್ನೊಂದು ಕತೆಗೆ ಅವುಗಳ ಅಲಂಕಾರದಲ್ಲಿ ಜಾಗವಿಲ್ಲ. ಕಾರ್ಖಾನೆಗೆಂದು ತಯಾರಾದ ಆಲ್ಕೋಹಾಲನ್ನು ಕದ್ದು ಮಾರುತ್ತಾರೆಂದು ಸರ್ಕಾರವೇ ಅದಕ್ಕೆ ಇನ್ನಷ್ಟು ವಿಷ ಬೆರೆಸುವಂತೆ ಮಾಡಿತು. 1926ರ ಕ್ರಿಸ್‌ಮಸ್ ದಿನಗಳಲ್ಲಿ ನ್ಯೂಯಾರ್ಕಿನ ಆಸ್ಪತ್ರೆಗಳಿಗೆ ಸಾಲುಸಾಲಾಗಿ ಜನ ಬಂದರು, ಹಲವರು ಸತ್ತರು. ನಗರದ ಮುಖ್ಯ ಶವಪರೀಕ್ಷಾಧಿಕಾರಿಯಾಗಿದ್ದ ಚಾರ್ಲ್ಸ್ ನಾರಿಸ್ ಇದನ್ನು ಬಹಿರಂಗವಾಗಿ ಖಂಡಿಸಿದರು. ಒಳ್ಳೆಯ ಮಾಲು ಕೊಳ್ಳಲಾರದ ಬಡವರೇ ಹೆಚ್ಚಾಗಿ ಸಾಯುತ್ತಿದ್ದಾರೆ ಎಂಬುದು ಅವರ ವಾದವಾಗಿತ್ತು. ಅಡಗುವುದರಲ್ಲೂ ಎರಡು ವರ್ಗ. ಒಂದಕ್ಕೆ ಅದು ಮೋಜು, ಇನ್ನೊಂದಕ್ಕೆ ಮರಣ.

ಉರ್ದು ಓದಿ ಬೆಳೆದವರಿಗೆ ಗುಟ್ಟಿನ ಮದ್ಯದಂಗಡಿ ಹೊಸದಲ್ಲ. 1353ರಲ್ಲಿ ಶಿರಾಜ್ ನಗರವನ್ನು ಗೆದ್ದ ಮುಬಾರಿಜುದ್ದೀನ್ ಅಲ್ಲಿನ ಮೈಖಾನಾಗಳನ್ನೆಲ್ಲ ಮುಚ್ಚಿಸಿದ. ಜನ ಅವನಿಗೆ ಮುಹ್ತಸಿಬ್, ಅಂದರೆ ನಡತೆ ಕಾಯುವ ಪೇದೆ ಎಂದು ಅಡ್ಡಹೆಸರಿಟ್ಟರು. ಹಾಫಿಜ್‌ನ ಗಜಲ್‌ಗಳಲ್ಲಿ ಆ ಮುಹ್ತಸಿಬ್ ಮತ್ತೆ ಮತ್ತೆ ಬರುತ್ತಾನೆ. ಪಾರಸಿಯಿಂದ ಉರ್ದುವಿಗೆ ಬಂದ ಈ ಮೈಖಾನಾ ಇರುವುದು ಓಣಿಯಲ್ಲಿ, ಬಹಳ ಸಲ ಮಸೀದಿಯ ನೆರೆಯಲ್ಲಿ. ಅಲ್ಲಿಗೆ ಫಕೀರನೂ ಬರುತ್ತಾನೆ, ಬಾದಶಹನೂ ಬರುತ್ತಾನೆ. ಹಗಲೆಲ್ಲ ಉಪದೇಶ ಮಾಡಿದ ಶೇಖ್ ಸಾಹೇಬರೂ ಕತ್ತಲಾದ ಮೇಲೆ ಮುಖ ಮುಚ್ಚಿಕೊಂಡು ನುಸುಳುತ್ತಾರೆ. ಕವಿ ನಗುವುದು ಅವರನ್ನು ನೋಡಿ. ಯಾರನ್ನೂ ಹೊರಗಿಡದ ಜಾಗವಾದ್ದರಿಂದಲೇ ಆ ನಗೆಗೆ ಅರ್ಥವಿದೆ.

ತಾರಸಿ ಗಜಲ್‌ನಲ್ಲಿ ಇಲ್ಲವೆಂದಲ್ಲ. ಅದರ ಹೆಸರು ಬಾಮ್. ಅಲ್ಲಿ ನಿಲ್ಲುವುದು ಪ್ರಿಯತಮೆ. ಕೆಳಗೆ ಓಣಿಯಲ್ಲಿ ಧೂಳು ಮೆತ್ತಿಕೊಂಡು ನಿಂತವನು ಒಮ್ಮೆ ಕಾಣಿಸಿಯಾಳೇ ಎಂದು ಕತ್ತೆತ್ತಿ ಕಾಯುತ್ತಾನೆ. ಮೇಲಿನವಳಿಗೂ ಕೆಳಗಿನವನಿಗೂ ನಡುವೆ ಒಂದು ನೋಟದ ಸಂಬಂಧವಿದೆ. ತಾರಸಿ ಬಾರು ಮೈಖಾನಾವನ್ನು ಓಣಿಯಿಂದ ಎತ್ತಿ ಬಾಮಿನ ಮೇಲಿಟ್ಟಿತು. ಅಲ್ಲಿಂದ ಕೆಳಗೆ ನೋಡಿದರೆ ಓಣಿ ಕಾಣುವುದಿಲ್ಲ, ಬರೀ ದೀಪಗಳ ಚಿತ್ತಾರ ಕಾಣುತ್ತದೆ. ಓಣಿಯವನಿಗಂತೂ ಯಾವ ಬಾಗಿಲಿನಿಂದ ಮೇಲೆ ಹೋಗಬೇಕೆಂಬುದೇ ತಿಳಿಯದು. ಬೋರ್ಡು ತೆಗೆದದ್ದೇ ಅದಕ್ಕೆ. ನೆಲಮಾಳಿಗೆಯ ಬಾರು ಪೊಲೀಸರಿಂದ ಅಡಗಿತ್ತು, ತಾರಸಿಯ ಬಾರು ಬೀದಿಯಿಂದ ಅಡಗಿದೆ.

ನ್ಯೂಯಾರ್ಕಿನಲ್ಲಿ ಆ ಟೆಲಿಫೋನ್ ಬೂತಿನ ಬಾಗಿಲು ತೆರೆದ ವರ್ಷವೇ ಕರ್ನಾಟಕದಲ್ಲಿ ಇನ್ನೊಂದು ಬಾಗಿಲು ಮುಚ್ಚಿತು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಹಳ್ಳಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಬೀದಿಗಿಳಿದು ಕೇಳಿದ್ದರು, ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಿಂತದ್ದು ಕೂಲಿಯವನ ಪ್ಯಾಕೆಟ್ ಮಾತ್ರ, ಬ್ರಾಂದಿ ವಿಸ್ಕಿ ಹಾಗೇ ಉಳಿದವು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತಮುತ್ತ, ಕೋಲಾರದಲ್ಲಿ, ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕಳ್ಳತನದಿಂದ ಮಾರಿದ ವಿಷಮದ್ಯ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅವರು ಕುಡಿದ ಜಾಗಗಳಿಗೂ ಬೋರ್ಡಿರಲಿಲ್ಲ.

ಹಾಗೆಂದು ಮರೆಯ ಬಾಗಿಲನ್ನೆಲ್ಲ ಬರಿಯ ಶೋಕಿ ಎನ್ನಲಾರೆ. ಮಂಗಳೂರಿನಲ್ಲಿ 2009ರ ಜನವರಿಯಲ್ಲಿ ಹಾಡಹಗಲೇ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದು ಹೊರಗಟ್ಟಿದ್ದನ್ನು ಟಿವಿಯಲ್ಲಿ ನೋಡಿದವರು, ಕಾಣದ ಜಾಗವೊಂದನ್ನು ಬಯಸುವ ಹೆಣ್ಣಿನ ಭಯವನ್ನು ಅಲಂಕಾರ ಎನ್ನುವಂತಿಲ್ಲ. ಈ ಹೊಸ ಫ್ಯಾಷನ್ನಿಗೆ ದಾರಿ ತೋರಿಸಿದ ಸಾಶಾ ಪೆಟ್ರಾಸ್ಕಿಯ 'ಮಿಲ್ಕ್ ಅಂಡ್ ಹನಿ' ಕೂಡ ಅಂಥದ್ದೇ. 1999ರ ಕೊನೆಗೆ ಮ್ಯಾನ್‌ಹಟನ್ನಿನ ಎಲ್ಡ್ರಿಜ್ ಬೀದಿಯಲ್ಲಿ ಅವನು ಬೋರ್ಡಿಲ್ಲದ ಬಾರು ತೆರೆದದ್ದು ಗುಟ್ಟಿನ ಚಪಲಕ್ಕಲ್ಲ, ಅದೇ ಕಟ್ಟಡದಲ್ಲಿ ವಾಸವಿದ್ದವರಿಗೆ ಗದ್ದಲದ ಕಾಟವಾಗಬಾರದೆಂದು. ಪರಿಚಯವಿಲ್ಲದ ಹೆಂಗಸರನ್ನು ಗಂಡಸರು ತಾವಾಗಿ ಮಾತಾಡಿಸಕೂಡದು ಎಂಬ ನಿಯಮವನ್ನೂ ಮಾಡಿದ್ದ. ಗಟ್ಟಿಯಾಗಿ ಕೂಗುವಂತಿರಲಿಲ್ಲ. ಹೊರಗೆ ಹೋಗುವವರು ಸದ್ದಿಲ್ಲದೆ ಹೋಗಬೇಕಿತ್ತು.

ಅವನನ್ನು ಅನುಕರಿಸಿದವರಲ್ಲಿ ಬಹುಪಾಲು ಜನ ಬಾಗಿಲನ್ನಷ್ಟೇ ನೋಡಿಕೊಂಡು ಬಂದರು. ಬೆಂಗಳೂರಿನ ಇಂದಿರಾನಗರದ ನಿವಾಸಿಗಳು ಪಬ್ಬುಗಳ ಸದ್ದಿನ ವಿರುದ್ಧ ವರ್ಷಗಳಿಂದ ದೂರು ಕೊಡುತ್ತಲೇ ಬಂದಿದ್ದಾರೆ. ತಾರಸಿಯ ಮೇಲೆ ಸ್ಪೀಕರ್ ಇಟ್ಟ ಬಾರು ಎಲ್ಲಿದೆಯೆಂದು ಗ್ರಾಹಕನಿಗೆ ತಿಳಿಯದಿದ್ದರೂ, ಕೆಳಗೆ ಮಲಗಲು ಹೆಣಗುವವರಿಗೆ ಚೆನ್ನಾಗಿಯೇ ತಿಳಿದಿರುತ್ತದೆ.